ಎರಡನೇ ಸಂಪುಟದಿಂದ ಶುರು ಮಾಡಿ

ಹಾಸಿಗೆ ಅಂಗಡಿಯ ಮೆತ್ತಣ್ಣನ ಬಾಯಿಂದ 'ಗೊತ್ತಿಲ್ಲ' ಅನ್ನುವ ಮಾತು ಹೊರಟಿದ್ದನ್ನು ಕೇಳಿದವರಿಲ್ಲ. ಇದು ಅಹಂಕಾರವಲ್ಲ, ಕಸುಬು ಕಲಿಸಿದ ಚಟ. ಅಂಗಡಿಗೆ ಬಂದ ಗಿರಾಕಿ "ಇದರೊಳಗೆ ಏನು ತುಂಬಿದ್ದೀರಿ?" ಎಂದು ಕೇಳಿದಾಗ ಮಾರುವವನು ತಲೆ ಕೆರೆದುಕೊಂಡರೆ ಗಿರಾಕಿ ಪಕ್ಕದ ಅಂಗಡಿಗೆ ನಡೆಯುತ್ತಾನೆ. ಹಾಗಾಗಿ ಮೆತ್ತಣ್ಣ ಯಾವ ಪ್ರಶ್ನೆಗಾದರೂ ಮೊದಲು ಉತ್ತರ ಕೊಟ್ಟು, ಆಮೇಲೆ ಆ ಉತ್ತರ ಏನಾಗಿತ್ತೆಂದು ತಾನೇ ಕುತೂಹಲದಿಂದ ಕೇಳಿಸಿಕೊಳ್ಳುತ್ತಿದ್ದ.

ಹೆಸರಿಗೆ ತಕ್ಕಂತೆ ಮೈಯೂ ಮೆತ್ತಗೆ, ಮನಸ್ಸೂ ಮೆತ್ತಗೆ. ಹಾಸಿಗೆಯ ಗುಣವನ್ನು ಬಾಯಲ್ಲಿ ಹೇಳಿ ತೃಪ್ತನಾಗದೆ, ಚಪ್ಪಲಿ ಬಿಚ್ಚಿ, ಮೇಲೆ ಹತ್ತಿ, ಅಂಗಾತ ಮಲಗಿ, ಮಗ್ಗುಲಾಗಿ ತೋರಿಸುವುದು ಅವನ ಪದ್ಧತಿ. ಈ ಪದ್ಧತಿಯಿಂದ ಅಂಗಡಿಗೆ ವ್ಯಾಪಾರವಾಯಿತು, ಮನೆಯಲ್ಲಿ ಮಾತ್ರ ಅವನ ಮಾನ ಹೋಯಿತು. ಜೊತೆಯಲ್ಲೇ ಇದ್ದ ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ಊಟಕ್ಕೆ ಕೂತಾಗಲೆಲ್ಲ ಒಂದು ಮಾತು ತಪ್ಪದೆ ಆಡುತ್ತಿದ್ದರು.

"ದೊಡ್ಡಳಿಯಂದಿರು ಕೋರ್ಟಲ್ಲಿ ನಿಂತು ಸಂಪಾದಿಸ್ತಾರೆ. ನಮ್ಮ ಚಿಕ್ಕ ಅಳಿಯಂದಿರು ಅಂಗಡೀಲಿ ಮಲಗಿ ಸಂಪಾದಿಸ್ತಾರೆ."

ಬೈಗುಳವೇನಲ್ಲ, ವರದಿ ಅಷ್ಟೇ. ಆದರೆ ಅದನ್ನು ಕೇಳಿದಾಗಲೆಲ್ಲ ಹೆಂಡತಿ ತಟ್ಟೆ ನೋಡುತ್ತಿದ್ದಳು, ಮೆತ್ತಣ್ಣ ಹೆಂಡತಿಯನ್ನು ನೋಡುತ್ತಿದ್ದ, ಅತ್ತೆಯವರು ಗೋಡೆಯ ಮೇಲೆ ಕರಿಕೋಟು ತೊಟ್ಟು ನಿಂತ ದೊಡ್ಡಳಿಯನ ಫೋಟೋ ನೋಡುತ್ತಿದ್ದರು.

ಹೀಗಿರಲು ಒಂದು ಮಧ್ಯಾಹ್ನ ಬೀದಿ ತುದಿಯ ಗ್ರಂಥಾಲಯದಿಂದ ಅಂಗಡಿಗೆ ಕರೆ ಬಂತು. ಓದುಕೋಣೆಯ ಕುರ್ಚಿಗಳಿಗೆ ಮೆತ್ತೆ ಹೊಲಿಸಬೇಕು, ಅಳತೆ ತೆಗೆದುಕೊಂಡು ಹೋಗಿ ಎಂದರು. ಮೆತ್ತಣ್ಣ ಟೇಪು ಹಿಡಿದು ಹೋದ. ಗ್ರಂಥಪಾಲಕಿ ಒಳಗೆ ಫೋನಿನಲ್ಲಿದ್ದರು. ಸುಮ್ಮನೆ ನಿಲ್ಲುವ ಬದಲು ಕುರ್ಚಿಯನ್ನೊಮ್ಮೆ ಪರೀಕ್ಷಿಸೋಣವೆಂದು ಕೂತ. ಕುರ್ಚಿ ಪರೀಕ್ಷೆಯಲ್ಲಿ ಸೋತಿತು. ಆದರೂ ಅನುಭವಸ್ಥ ಮೈ ಯಾವುದರ ಮೇಲೂ ನಿದ್ದೆ ಮಾಡಬಲ್ಲದು. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಪಕ್ಕದ ಕಪಾಟಿಗೆ ಕೈ ಹಾಕಿ, ಸಿಕ್ಕಿದ ಅಗಲವಾದ ಪುಸ್ತಕವೊಂದನ್ನು ಬಿಡಿಸಿ ಮುಖಕ್ಕೆ ಹಿಡಿದುಕೊಂಡ. ಅದು ಸೂಪರ್‌ಹೀರೋ ಕಾಮಿಕ್ಸ್ ಸಂಕಲನ. ಅದರ ನಾಯಕ ಸಿಡಿಲನ್ನೇ ಅಂಗಿಯಂತೆ ತೊಟ್ಟ 'ಸಿಡಿಲಂಗಿ' ಎಂಬವನು. ಇದಾವುದೂ ಮೆತ್ತಣ್ಣನಿಗೆ ಗೊತ್ತಿರಲಿಲ್ಲ. ಪುಸ್ತಕ ಅಗಲವಾಗಿತ್ತು, ಅವನಿಗೆ ಬೇಕಾದದ್ದು ಅಷ್ಟೇ.

ಗ್ರಂಥಪಾಲಕಿ ಹೊರಗೆ ಬಂದದ್ದು ಮೆತ್ತಣ್ಣ ನಿದ್ದೆಯಿಂದೆದ್ದು ದೊಡ್ಡದಾಗಿ ಆಕಳಿಸಿ ಮುಗಿಸಿದ ಗಳಿಗೆಯಲ್ಲಿ. ಆಕಳಿಕೆಯ ನೀರು ಎರಡೂ ಕೆನ್ನೆಗಳ ಮೇಲೆ ಇಳಿದಿತ್ತು. ಎದೆಯ ಮೇಲೆ ಸಿಡಿಲಂಗಿ ತೆರೆದುಕೊಂಡಿದ್ದ. ಆಕೆ ಬಾಗಿಲಲ್ಲೇ ನಿಂತುಬಿಟ್ಟರು.

"ಸಾರ್... ನೀವೂ ಓದ್ತೀರಾ ಇದನ್ನ?"

"ಓದದೆ ಇರ್ತೀವಾ?" ಅಂತು ಮೆತ್ತಣ್ಣನ ಬಾಯಿ.

"ಚಿಕ್ಕವರಿದ್ದಾಗ ಓದಿ, ಬಿಟ್ಟು, ಮತ್ತೆ ಈಗ ಹಿಡಿದಿದ್ದೀರಿ ಅನ್ಸುತ್ತೆ. ಕಣ್ಣಲ್ಲಿ ನೀರು ಬಂದಿದೆ!"

"ಬರುತ್ತೆ ಮೇಡಂ. ತಡೆಯೋಕಾಗಲ್ಲ."

ಗ್ರಂಥಪಾಲಕಿ ಎದುರಿನ ಕುರ್ಚಿಯಲ್ಲಿ ಕುಸಿದು ಕೂತು ತಮ್ಮ ಕಷ್ಟ ಹೇಳಿಕೊಂಡರು. ಈ ಕಾಮಿಕ್ಸ್ ಕಪಾಟನ್ನು ಯಾರೂ ಮುಟ್ಟುತ್ತಿಲ್ಲ. ತಿಂಗಳ ಕೊನೆಯ ಭಾನುವಾರ ಮೇಲಧಿಕಾರಿ ಬರುತ್ತಾರೆ. ಬಂದು, ಇದನ್ನು ಖಾಲಿ ಮಾಡಿಸಿ, ಪರೀಕ್ಷೆಯ ಗೈಡುಗಳನ್ನು ತುಂಬಿಸುತ್ತಾರೆ. ಆಕೆಗೆ ಈ ಪುಸ್ತಕಗಳೆಂದರೆ ಪ್ರಾಣ. ಆದರೆ ಹೊಸಬರು ಬಂದು ಇಷ್ಟೊಂದು ಸಂಪುಟ ನೋಡಿ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಓಡಿಹೋಗುತ್ತಾರೆ. ಹಿಂದೆ ಓದಿ ಬಿಟ್ಟವರು ನಾಚಿಕೆಪಟ್ಟುಕೊಂಡು ಹತ್ತಿರವೇ ಸುಳಿಯುವುದಿಲ್ಲ.

"ಹೊಸಬರು ಒಂದನೇ ಸಂಪುಟದಿಂದಲೇ ಶುರು ಮಾಡ್ಬೇಕು ಅಲ್ವಾ ಸಾರ್?"

ಮೆತ್ತಣ್ಣ ಕೈಯಲ್ಲಿದ್ದ ಪುಸ್ತಕ ನೋಡಿದ. ಅದರ ಬೆನ್ನಿನ ಮೇಲೆ ದಪ್ಪಕ್ಷರದಲ್ಲಿ ಎರಡು ಅಂತಿತ್ತು. ಕೈಯಲ್ಲಿ ಹಿಡಿದ ಸರಕನ್ನು ಕೆಳಗಿಟ್ಟು ಬೇರೆಯದನ್ನು ಹೊಗಳುವವನು ಮಾರಾಟಗಾರನೇ ಅಲ್ಲ.

"ಛೆ ಛೆ! ಒಂದನೇದು ಮುಟ್ಟಲೇಬಾರದು. ಎರಡನೇ ಸಂಪುಟದಿಂದ ಶುರು ಮಾಡ್ಬೇಕು."

"ಯಾಕೆ ಸಾರ್?"

"ಮೊದಲೇ ಎಲ್ಲ ಗೊತ್ತಾಗಿಬಿಟ್ರೆ ಆಮೇಲೆ ತಿಳ್ಕೊಳ್ಳೋಕೆ ಏನುಳೀತು?"

ಆಕೆ ಕಣ್ಣು ಅಗಲಿಸಿ ಅವನನ್ನು ನೋಡಿದರು. ಗ್ರಂಥಾಲಯ ವಿಜ್ಞಾನದ ಯಾವ ಪಾಠದಲ್ಲೂ ಯಾರೂ ಇದನ್ನು ಹೇಳಿರಲಿಲ್ಲ. ಮುಂದಿನ ಭಾನುವಾರದಿಂದ ಮೆತ್ತಣ್ಣ ಬೆಳಗಿನ ಹೊತ್ತು ಬಂದು ಕೂತು ಓದುಗರಿಗೆ ಸಲಹೆ ಕೊಡಬೇಕೆಂದು ಅಲ್ಲೇ ತೀರ್ಮಾನವಾಯಿತು. ಮೆತ್ತೆಯ ಅಳತೆ ತೆಗೆಯುವುದು ಇಬ್ಬರಿಗೂ ಮರೆತುಹೋಯಿತು.

ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟಿತ್ತು. ಎದುರುಮನೆಯ ಟೈಲರಮ್ಮ ಗ್ರಂಥಾಲಯದ ಪರದೆ ಹೊಲಿಯಲು ಹೋದವರು ಕಿವಿಯನ್ನೂ ಜೊತೆಗೆ ಒಯ್ದಿದ್ದರು. ಮೆತ್ತಣ್ಣ ಬಾಗಿಲು ದಾಟುವಷ್ಟರಲ್ಲಿ ಹೆಂಡತಿ ಓಡಿಬಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಅವನು ಮದುವೆಯ ಫೋಟೋದಲ್ಲೂ ನೋಡಿರಲಿಲ್ಲ.

"ರೀ, ನಿಜವೇನ್ರೀ? ಟೈಲರಮ್ಮ ಹೇಳ್ತಿದ್ರು, ನೀವು ಯಾವುದೋ ಪುಸ್ತಕಕ್ಕೆ ತಜ್ಞರಂತೆ. ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

ಮೆತ್ತಣ್ಣ ನಿಜ ಹೇಳಲು ಬಾಯಿ ತೆರೆದ. ಆದರೆ ಹೆಂಡತಿ ಆಗಲೇ ತಾಯಿಯ ಕಡೆ ತಿರುಗಿ, "ಅಮ್ಮಾ, ಕೇಳಿದ್ಯಾ? ತಜ್ಞರಂತೆ!" ಎಂದು ಕೂಗುತ್ತಿದ್ದಳು. ತೆರೆದ ಬಾಯನ್ನು ಅವನು ಮುಚ್ಚಿಕೊಂಡ.

"ಯಾವುದರಲ್ಲಿ ತಜ್ಞರು?" ಅಂದರು ಅತ್ತೆ.

"ಸೂಪರ್‌ಹೀರೋ ಕಾಮಿಕ್ಸಲ್ಲಿ."

"ಅದೇನು, ಕಾನೂನಾ?"

ಗ್ರಂಥಪಾಲಕಿ ಗೌರವಪೂರ್ವಕವಾಗಿ ಕೊಟ್ಟುಕಳಿಸಿದ್ದ ಎರಡನೇ ಸಂಪುಟ ಊಟದ ಮೇಜಿನ ಮೇಲೆ ಬಿತ್ತು. ಎರಡು ದಿನ ಹಾಗೇ ಬಿದ್ದಿತ್ತು. ಮೂರನೆಯ ದಿನ ಅತ್ತೆಯವರು ಅದರ ಬಗ್ಗೆ ನಾಲ್ಕು ಕೆಟ್ಟ ಮಾತು ಆಡುವ ಸದುದ್ದೇಶದಿಂದ ಭೂತಗನ್ನಡಿ ಹಿಡಿದು ಮೊದಲ ಪುಟ ತೆರೆದರು. ಸಂಜೆ ಮೆತ್ತಣ್ಣ ಅಂಗಡಿಯಿಂದ ಬಂದಾಗಲೂ ಭೂತಗನ್ನಡಿ ಕೆಳಗಿಳಿದಿರಲಿಲ್ಲ.

"ಬಂದ್ರಾ? ಕೂತ್ಕೊಳ್ಳಿ ಇಲ್ಲಿ," ಎಂದರು. ಅಳಿಯನಿಗೆ ಅವರು ಕುರ್ಚಿ ತೋರಿಸಿದ್ದು ಅದೇ ಮೊದಲು. "ಈ ಹುಡುಗ, ಸಿಡಿಲಂಗಿ, ಆ ತುಕ್ಕಾಸುರನ ಜೊತೆ ಬರೀ ಬಲಗೈಯಲ್ಲಿ ಹೊಡೆದಾಡ್ತಾನಲ್ಲ, ಎಡಗೈ ಯಾಕೆ ಎತ್ತೋದಿಲ್ಲ? ಸ್ವಂತ ತಮ್ಮನ ಜೊತೆ ಯಾಕೆ ಮಾತು ಬಿಟ್ಟಿದ್ದಾನೆ?"

"ಅದು ಒಂದನೇ ಸಂಪುಟದಲ್ಲಿ ಬರುತ್ತೆ ಅತ್ತೆ."

"ಒಂದನೇದು ಮುಟ್ಟಬಾರದು ಅಂತ ನೀವೇ ಹೇಳಿದ್ದೀರಂತೆ. ಹಾಗಾದ್ರೆ ನೀವೇ ಹೇಳಿ. ಭುಜಕ್ಕೇನಾಗಿದೆ?"

ಭುಜ ಎಂದು ಕಿವಿಗೆ ಬಿದ್ದದ್ದೇ ಮೆತ್ತಣ್ಣನ ಬಾಯಿ ತನ್ನ ಕೆಲಸ ಶುರು ಮಾಡಿತು.

"ಹಾಸಿಗೆ ಅತ್ತೆ. ತಪ್ಪು ಹಾಸಿಗೆ."

"ಹಾಸಿಗೆನಾ?"

"ಅವರಪ್ಪ ಸಾಯುವಾಗ ಬಿಟ್ಟುಹೋದದ್ದು ಒಂದೇ ಒಂದು ಹಾಸಿಗೆ. ಒಳ್ಳೆಯದು, ಕೈಯಲ್ಲಿ ಬಡಿದು ತುಂಬಿದ ಹತ್ತಿ. ಅಣ್ಣ-ತಮ್ಮ ಪಾಲಾದಾಗ ತಮ್ಮ ಅದನ್ನ ಸುತ್ತಿಕೊಂಡು ಹೊರಟೇಬಿಟ್ಟ. ಇವನು ಏನೂ ಅನ್ನಲಿಲ್ಲ. ಬರೀ ನೆಲದ ಮೇಲೆ, ಎಡ ಮಗ್ಗುಲಲ್ಲಿ ಮಲಗಿ ಮಲಗಿ ಭುಜ ಹಿಡ್ಕೊಂಡುಬಿಡ್ತು. ಲೋಕವನ್ನೆಲ್ಲ ಕಾಪಾಡೋನು, ಬೆಳಿಗ್ಗೆ ಎದ್ದರೆ ಅಂಗಿ ತೋಳು ಹಾಕ್ಕೊಳ್ಳೋಕಾಗಲ್ಲ."

ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಬಲಭುಜವೂ ಬಹಳ ಕಾಲದಿಂದ ಹಿಡಿದುಕೊಂಡಿತ್ತು.

"ಅಯ್ಯೋ ಪಾಪ. ಅದಕ್ಕೇ ತಮ್ಮನ ಹತ್ರ ಮಾತಿಲ್ಲ. ಆಮೇಲೆ?"

ಆಮೇಲೆ ಎಂಬ ಈ ಒಂದು ಪದ ಮೆತ್ತಣ್ಣನ ಸಂಜೆಗಳನ್ನೆಲ್ಲ ನುಂಗಿಹಾಕಿತು. ಅಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅತ್ತೆ ಕಾಫಿ ತಾವೇ ತಂದು ಮುಂದಿಡುತ್ತಿದ್ದರು. ಮೆತ್ತಣ್ಣ ತನಗೆ ಗೊತ್ತಿದ್ದ ಒಂದೇ ಲೋಕದಿಂದ ಒಂದನೇ ಸಂಪುಟವನ್ನು ಕಟ್ಟುತ್ತಾ ಹೋದ. ತುಕ್ಕಾಸುರ ಹುಟ್ಟಿದ್ದು ಮುರಿದ ಸ್ಪ್ರಿಂಗ್ ಹಾಸಿಗೆಯೊಂದರ ಒಳಗೆ. ಸಿಡಿಲಂಗಿಯ ತಾಯಿ ಅಗಸಗಿತ್ತಿಗಿಂತ ಚೆನ್ನಾಗಿ ಹೊದಿಕೆ ಒಗೆಯುತ್ತಿದ್ದಳು. ಮಾರನೆಯ ದಿನ ಟೈಲರಮ್ಮ ಕೇಳಲು ಬಂದರು. ಅದರ ಮಾರನೆಯ ದಿನ ಟೈಲರಮ್ಮನ ಗಂಡನೂ ತನ್ನ ಸ್ಟೂಲು ತಾನೇ ತಂದುಕೊಂಡು ಬಂದ.

ಅತ್ತ ಗ್ರಂಥಾಲಯದ ಬಾಗಿಲಲ್ಲಿ ಹೊಸ ಬೋರ್ಡು ಎದ್ದಿತು. 'ಹೊಸ ಓದುಗರಿಗೂ ಮರಳಿ ಬಂದ ಓದುಗರಿಗೂ ತಜ್ಞರಿಂದ ಸಲಹೆ' ಎಂದು ಬರೆಯಬೇಕಾದ ಪೇಂಟರು 'ರ'ಕ್ಕೆ ಒಂದು ಕೊಂಬು ಉದಾರವಾಗಿ ಸೇರಿಸಿ 'ಮರುಳಿ ಬಂದ ಓದುಗರಿಗೂ' ಎಂದು ಬರೆದುಬಿಟ್ಟಿದ್ದ. ಗ್ರಂಥಪಾಲಕಿಗೆ ಅಳು ಬಂತು.

"ಇರಲಿ ಬಿಡಿ ಮೇಡಂ," ಅಂದ ಮೆತ್ತಣ್ಣ. "ಅವರೂ ಬರಲಿ."

ಬಂದರು. ಮೊದಲ ಭಾನುವಾರ ಎದುರಿಗೆ ಬಂದು ನಿಂತವರು ವೃತ್ತದಲ್ಲಿ ಸೀಟಿ ಊದುವ ಟ್ರಾಫಿಕ್ ಪೊಲೀಸಪ್ಪ. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದರು.

"ನಾನು ಸ್ಕೂಲಲ್ಲಿದ್ದಾಗ ಓದ್ತಿದ್ದೆ. ಮತ್ತೆ ಓದೋಣ ಅಂತ. ಯಾವುದು ಕೊಡ್ತೀರಿ?"

ಕಪಾಟಿನ ತುಂಬ ಸಂಪುಟಗಳು ಸಾಲಾಗಿ ನಿಂತು ಮೆತ್ತಣ್ಣನನ್ನು ನೋಡುತ್ತಿದ್ದವು. ಒಂದರ ಹೆಸರೂ ಅವನಿಗೆ ಗೊತ್ತಿಲ್ಲ. ಆದರೆ ಎದುರಿಗೆ ನಿಂತವರ ನಡು ಒಂದು ಕಡೆ ವಾಲಿರುವುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಕೂತ್ಕೊಳ್ಳಿ ಸಾರ್. ಯಾವ ಮಗ್ಗುಲಲ್ಲಿ ಮಲಗ್ತೀರಿ?"

"ಆಂ?"

"ಹೇಳಿ, ಸಂಕೋಚ ಬೇಡ. ಬಲಕ್ಕಾ ಎಡಕ್ಕಾ?"

"ಬಲಕ್ಕೆ..."

"ನಿದ್ದೆ ಹೇಗೆ? ಒಂದೇ ಸಲಕ್ಕೆ ಬರುತ್ತಾ, ಹೊರಳಾಡ್ತೀರಾ?"

"ಹೊರಳಾಡ್ತೀನಿ ಸ್ವಾಮಿ. ದಿನವಿಡೀ ಹಾರ್ನು ಕೇಳಿ ಕೇಳಿ ತಲೇಲಿ ಅದೇ ಮೊಳಗ್ತಿರುತ್ತೆ."

"ನೋಡಿದ್ರಾ? ಅದಕ್ಕೇ ಕೇಳಿದ್ದು." ಮೆತ್ತಣ್ಣ ಕಪಾಟಿನ ಮುಂದೆ ನಿಂತು ಪುಸ್ತಕಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಿದ. "ಬಿಟ್ಟು ಬಹಳ ವರ್ಷ ಆಗಿದೆ. ಒಂದೇ ಏಟಿಗೆ ದಪ್ಪದ್ದಕ್ಕೆ ಹೋಗ್ಬೇಡಿ, ಮೈ ತಡೆಯಲ್ಲ. ತೆಳ್ಳಗಿರೋದು ತಗೊಳ್ಳಿ. ಮೊದಲ ವಾರ ಸ್ವಲ್ಪ ಒತ್ತಿದ ಹಾಗೆ ಆಗುತ್ತೆ. ಯಾರು ಯಾರು, ಯಾಕೆ ಹಾರ್ತಿದ್ದಾರೆ ಅಂತ ಗೊತ್ತಾಗಲ್ಲ. ಹೆದರ್ಬೇಡಿ. ಆಮೇಲೆ ಅದೂ ನಿಮಗೆ ಹೊಂದಿಕೊಳ್ಳುತ್ತೆ, ನೀವೂ ಅದಕ್ಕೆ ಹೊಂದಿಕೊಳ್ತೀರಿ."

ಪೊಲೀಸಪ್ಪ ಮುಂದಿನ ವಾರ ಬಂದಾಗ ಒಬ್ಬರೇ ಬರಲಿಲ್ಲ, ಠಾಣೆಯ ಅರ್ಧವನ್ನು ಹಿಂದೆ ಕರೆತಂದರು. "ನೀವು ಹೇಳಿದ ಹಾಗೇ ಮೊದಲು ಒತ್ತಿತು ಸ್ವಾಮಿ, ಆಮೇಲೆ ಕೂತುಬಿಡ್ತು!" ಎಂದು ಮೆತ್ತಣ್ಣನ ಕೈಹಿಡಿದು ಕುಲುಕಿದರು. ಅವರ ಹಿಂದೆ ಬ್ಯಾಂಕಿನ ಕ್ಯಾಷಿಯರು, ದಂತವೈದ್ಯೆ, ಹಾಲು ಹಾಕುವವನು. ಎಲ್ಲರಿಗೂ ಮೆತ್ತಣ್ಣ ನಿದ್ದೆಯ ಲಕ್ಷಣ ವಿಚಾರಿಸಿ ಸಂಪುಟ ಕೊಟ್ಟ. ಗೊರಕೆ ಹೊಡೆಯುವವರಿಗೆ ಗಟ್ಟಿ ರಟ್ಟಿನದು. ಬೆಳಗಿನ ಜಾವ ಎಚ್ಚರವಾಗುವವರಿಗೆ ಬಿಡಿ ಬಿಡಿ ಕತೆಗಳ ಸಂಕಲನ. ಗಂಡ ಹೆಂಡತಿ ಸೇರಿ ಬಂದರೆ ಇಬ್ಬರಿಗೂ ಬೇರೆ ಬೇರೆ, "ಒಬ್ಬರು ಹೊರಳಿದ್ರೆ ಇನ್ನೊಬ್ಬರಿಗೆ ತೊಂದರೆ ಆಗಬಾರದು" ಎಂಬ ಎಚ್ಚರಿಕೆಯ ಜೊತೆ. ಯಾವ ದೇವರ ದಯೆಯೋ, ಬಂದವರೆಲ್ಲ ಪುಸ್ತಕ ಮುಗಿಸಿ ಮತ್ತೆ ಬಂದರು. ಸಿಡಿಲಂಗಿಯ ಎರಡನೇ ಸಂಪುಟಕ್ಕಂತೂ ಜನ ಸರದಿ ನಿಂತರು. ಒಂದನೆಯದನ್ನು ಮಾತ್ರ ತಜ್ಞರ ಆಜ್ಞೆಯಂತೆ ಯಾರೂ ಮುಟ್ಟಲಿಲ್ಲ.

ಒಬ್ಬರನ್ನು ಬಿಟ್ಟು.

ದೊಡ್ಡಳಿಯ, ಅಂದರೆ ಲಾಯರ್ ಭಾವ, ಅತ್ತೆಯನ್ನು ನೋಡಲು ಒಂದು ದಿನ ಬಂದರು. ಬಂದು ಸೋಫಾದಲ್ಲಿ ಕೂತು, ತಾವು ಗೆದ್ದ ಕೇಸೊಂದರ ವಿವರ ಶುರು ಮಾಡಿದರು. ಅತ್ತೆ ಕೈ ಎತ್ತಿ ತಡೆದರು.

"ಸ್ವಲ್ಪ ಇರಿ. ಚಿಕ್ಕ ಅಳಿಯಂದಿರು ಬರೋ ಹೊತ್ತಾಯ್ತು. ಸಿಡಿಲಂಗಿಯ ತಮ್ಮ ಹಾಸಿಗೆ ವಾಪಸ್ ಕೊಡೋ ಘಟ್ಟಕ್ಕೆ ಬಂದಿದೆ."

ತಮ್ಮ ಮಾತನ್ನು ನ್ಯಾಯಾಧೀಶರೂ ಹೀಗೆ ತಡೆದಿರಲಿಲ್ಲ. ಭಾವ ಕಾಫಿ ಕುಡಿಯದೆ ಎದ್ದರು. ನೇರ ಗ್ರಂಥಾಲಯಕ್ಕೆ ಹೋಗಿ, ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿದ್ದ ಒಂದನೇ ಸಂಪುಟವನ್ನು ಕೇಳಿ ಪಡೆದು, ಮನೆಗೆ ಒಯ್ದು, ಕೆಂಪು ಪೆನ್ಸಿಲ್ ಕೈಯಲ್ಲಿ ಹಿಡಿದು ಓದಿದರು.

ತಿಂಗಳ ಕೊನೆಯ ಭಾನುವಾರ ಬಂತು. ಮೇಲಧಿಕಾರಿಯೂ ಬಂದರು. ಓದುಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಅತ್ತೆ, ಹೆಂಡತಿ, ಟೈಲರಮ್ಮ. ಹಿಂದೆ ಪೊಲೀಸು. ಬೋಳು ತಲೆಯ, ಮುಖ ಗಂಟಿಕ್ಕಿದ ಮೇಲಧಿಕಾರಿ ಜನರನ್ನು ನೋಡಿ, ಕಪಾಟನ್ನು ನೋಡಿ, "ಏನಿದೆಲ್ಲ?" ಎಂದರು. ಗ್ರಂಥಪಾಲಕಿ ಉತ್ತರಿಸುವ ಮೊದಲೇ ಹಿಂದಿನಿಂದ ಭಾವ ಎದ್ದು ನಿಂತರು. ರಜಾ ದಿನವಾದರೂ ಕರಿಕೋಟು ಹಾಕಿಕೊಂಡು ಬಂದಿದ್ದರು.

"ನಾನು ಹೇಳ್ತೀನಿ ಸಾರ್ ಏನಿದು ಅಂತ. ಇದು ಮೋಸ!" ಎಂದು ಮೆತ್ತಣ್ಣನ ಕಡೆ ತಿರುಗಿದರು. "ಏನಪ್ಪಾ, ಸಿಡಿಲಂಗಿಯ ಎಡಭುಜ ಹೇಗೆ ಹೋಯ್ತು? ಹೌದು ಇಲ್ಲ ಅಂತ ಸುತ್ತಿಬಳಸದೆ ಹೇಳು."

"ಹಾಸಿಗೆಯಿಂದ ಭಾವ," ಅಂದ ಮೆತ್ತಣ್ಣ ಸಣ್ಣಗೆ.

"ಎಲ್ಲರೂ ಕೇಳಿಸ್ಕೊಳ್ಳಿ!" ಭಾವ ಒಂದನೇ ಸಂಪುಟವನ್ನು ಎತ್ತಿ ಹಿಡಿದರು. "ಇದರಲ್ಲಿ ಇವನು ಹಳಿ ತಪ್ಪಿದ ರೈಲನ್ನ ಭುಜ ಕೊಟ್ಟು ನಿಲ್ಲಿಸ್ತಾನೆ. ಇವನ ತಮ್ಮನೇ ಶತ್ರುವಿನ ಜೊತೆ ಸೇರಿ ಹಳಿ ಕಿತ್ತಿರ್ತಾನೆ. ಅದಕ್ಕೇ ಮಾತು ಬಿಟ್ಟದ್ದು. ಮೊದಲ ಪುಟದಿಂದ ಕೊನೇ ಪುಟದವರೆಗೆ ಹುಡುಕಿದ್ದೀನಿ. ಹಾಸಿಗೆ ಅಲ್ಲ, ಒಂದು ದಿಂಬು ಕೂಡ ಇಲ್ಲ! ಈ ಮನುಷ್ಯ ಪುಸ್ತಕ ತೆರೆದೇ ನೋಡಿಲ್ಲ!"

ಗ್ರಂಥಪಾಲಕಿ ಬಿಳುಚಿಕೊಂಡರು. ಹೆಂಡತಿ ತಲೆ ತಗ್ಗಿಸಿದಳು. ಮೆತ್ತಣ್ಣನಿಗೆ ಅವಳ ತಗ್ಗಿದ ತಲೆ ಕಂಡಿತು. ಅವನ ಬಾಯಿಗೆ ಆ ಕ್ಷಣದಲ್ಲೂ ಹದಿನಾರು ಉತ್ತರಗಳು ಬಂದು ನಿಂತಿದ್ದವು. ಹಳೆಯ ಆವೃತ್ತಿ ಅನ್ನಬಹುದಿತ್ತು, ಹಾಳೆ ಹರಿದುಹೋಗಿದೆ ಅನ್ನಬಹುದಿತ್ತು. ಅವನು ಎಲ್ಲವನ್ನೂ ನುಂಗಿಕೊಂಡ.

"ಭಾವ ಹೇಳೋದು ನಿಜ," ಎಂದ. "ಒಂದನೇ ಸಂಪುಟ ನಾನು ಓದಿಲ್ಲ. ಎರಡನೇದೂ ಓದಿಲ್ಲ. ನನಗೆ ಗೊತ್ತಿರೋದು ಹಾಸಿಗೆ ಒಂದೇ. ಅತ್ತೆಗೆ ಹೇಳಿದ್ದೆಲ್ಲ ನನ್ನ ತಲೆಯಿಂದ ಬಂದದ್ದು."

ಅತ್ತೆಯವರು ನಿಧಾನವಾಗಿ ಎದ್ದರು. ಮೆತ್ತಣ್ಣ ಕಣ್ಣು ಮುಚ್ಚಿಕೊಂಡ.

"ಓದದೇನೇ ಹೇಳಿದ್ರಾ?" ಎಂದರು ಅತ್ತೆ. "ಆ ಪಾಲಿನ ಜಗಳ, ಆ ತಾಯಿ, ಆ ಹಾಸಿಗೆ ವಾಪಸ್ ತಂದು ಬಾಗಿಲಲ್ಲಿಟ್ಟು ತಮ್ಮ ಅತ್ತದ್ದು, ಇಷ್ಟೂ?"

"ಹೌದು ಅತ್ತೆ. ತಪ್ಪಾಯ್ತು."

ಅತ್ತೆ ಜನರ ಕಡೆ ತಿರುಗಿದರು. ಅವರ ಹಿಡಿದ ಭುಜ ಕೂಡ ಆ ಗಳಿಗೆಯಲ್ಲಿ ಅರ್ಧ ಮೇಲೆದ್ದಿತು.

"ಕೇಳಿದ್ರಾ ಎಲ್ಲ? ಓದ್ಕೊಂಡು ಬಂದು ಹೇಳೋದು ಯಾರು ಬೇಕಾದ್ರೂ ಹೇಳ್ತಾರೆ. ನೋಡಿ, ನಮ್ಮ ದೊಡ್ಡಳಿಯಂದಿರು ಓದ್ಕೊಂಡು ಬಂದು ಹೇಳಿದ್ರು, ನಾಲ್ಕು ಮಾತಲ್ಲಿ ಮುಗಿದುಹೋಯ್ತು. ನಮ್ಮ ಚಿಕ್ಕ ಅಳಿಯಂದಿರು ಓದದೇನೇ ಒಂದು ತಿಂಗಳು ಹೇಳಿದ್ದಾರೆ! ಇನ್ನೂ ಮುಗಿದಿಲ್ಲ!"

"ಅತ್ತೆ, ಸತ್ಯ ಅನ್ನೋದು ಒಂದಿದೆಯಲ್ಲ," ಅಂದರು ಭಾವ.

"ಏನು ಸತ್ಯ? ಮೈಮೇಲೆ ರೈಲು ಬಿದ್ರೆ ಮನುಷ್ಯ ಸತ್ತೇ ಹೋಗ್ತಾನೆ. ಭುಜ ಹಿಡಿಯೋದು ಹಾಸಿಗೆಯಿಂದಲೇ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಅದು ಸಾಮಾನ್ಯ ಮನುಷ್ಯರಿಗೆ ಅಮ್ಮಾ," ಎಂದು ಪೊಲೀಸಪ್ಪ ತಡೆಯಲಾರದೆ ನುಗ್ಗಿದರು. "ಸಿಡಿಲಂಗಿಗೆ ರೈಲು ತಡೆಯೋ ಶಕ್ತಿ ಇದೆ."

"ಅಷ್ಟು ಶಕ್ತಿ ಇದ್ರೆ ಭುಜ ಯಾಕ್ರೀ ಹೋಗುತ್ತೆ?" ಅಂದರು ಟೈಲರಮ್ಮ.

ಮುಂದಿನದನ್ನು ಗ್ರಂಥಾಲಯದ ಚರಿತ್ರೆಯಲ್ಲಿ ಬರೆದಿಡಬೇಕು. ಕ್ಯಾಷಿಯರು ರೈಲಿನ ಪಕ್ಷ, ದಂತವೈದ್ಯೆ ಹಾಸಿಗೆಯ ಪಕ್ಷ. ಹಾಲಿನವನು ರೈಲೂ ಇರಬಹುದು, ಆಸ್ಪತ್ರೆಯ ಹಾಸಿಗೆ ಆಮೇಲೆ ಕೆಡಿಸಿರಬಹುದು ಎಂದು ಇಬ್ಬರಿಂದಲೂ ಬೈಸಿಕೊಂಡ. 'ಸದ್ದು ಮಾಡಬೇಡಿ' ಎಂಬ ಫಲಕದ ಕೆಳಗೆ ನಿಂತು ಜನ ಗಂಟಲು ಹರಿಯುವಂತೆ ಕೂಗಾಡಿದರು. ಕಡೆಗೆ ಒಂದನೇ ಸಂಪುಟವನ್ನು ಕಣ್ಣಾರೆ ನೋಡದೆ ಬಿಡುವುದಿಲ್ಲವೆಂದು ಎಲ್ಲರೂ ಭಾವನ ಕಡೆ ಕೈ ಚಾಚಿದರು. ಭಾವ ಪುಸ್ತಕವನ್ನು ಎದೆಗವಚಿಕೊಂಡು, "ನನಗೆ ಇನ್ನೂ ವಾಯಿದೆ ಇದೆ!" ಎಂದು ಕಿರುಚಿದರು.

ಈ ಗದ್ದಲದ ನಡುವೆ ಮೇಲಧಿಕಾರಿ ಮೇಜಿನ ಮೇಲೆ ಫಟ್ಟನೆ ಬಡಿದರು. ಎಲ್ಲ ಸುಮ್ಮನಾದರು.

"ಈ ಕಪಾಟನ್ನ ಯಾರೂ ಮುಟ್ಟೋದಿಲ್ಲ ಅಂತ ನನಗೆ ವರದಿ ಬಂದಿತ್ತು," ಎಂದರು. ಕಪಾಟಿನತ್ತ ಕೈ ತೋರಿಸಿದರು. ಅದು ಆಗಲೇ ಖಾಲಿಯಾಗಿತ್ತು. ಅವರು ಖಾಲಿ ಮಾಡಿಸುವ ಮೊದಲೇ ಓದುಗರು ಖಾಲಿ ಮಾಡಿದ್ದರು. "ಹಾಸಿಗೆಯವರು ಯಾರು? ಇಲ್ಲಿ ಬನ್ನಿ."

ಮೆತ್ತಣ್ಣ ಹೋಗಿ ನಿಂತ. ಮೇಲಧಿಕಾರಿ ದನಿ ತಗ್ಗಿಸಿದರು, ಆದರೆ ಕೋಣೆಯ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು.

"ನಾನು ಚಿಕ್ಕವನಿದ್ದಾಗ ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡು ಓದ್ತಿದ್ದೆ. ಅಪ್ಪ ಹಿಡಿದು ಒಲೆಗೆ ಹಾಕಿದ್ರು. ಆಮೇಲೆ ಮುಟ್ಟಿಲ್ಲ. ಈಗ ಶುರು ಮಾಡೋದಾದ್ರೆ ಎಲ್ಲಿಂದ?"

ಮೆತ್ತಣ್ಣ ಅವರನ್ನು ನೋಡಿದ. ಈಗ ತಜ್ಞನ ಸೋಗು ಬೇಕಾಗಿರಲಿಲ್ಲ. ಕುತ್ತಿಗೆಯ ಬಿಗಿತ, ಕಣ್ಣಿನ ಕೆಳಗಿನ ಕಪ್ಪು, ಗಂಟಿಕ್ಕಿದ ಹುಬ್ಬು, ಇವೆಲ್ಲ ಏನು ಹೇಳುತ್ತವೆಂದು ಅವನಿಗೆ ನಿಜವಾಗಿ ಗೊತ್ತಿತ್ತು.

"ಅವತ್ತು ಎಲ್ಲಿಗೆ ನಿಂತಿತ್ತು ಸಾರ್?"

"ನಾಯಕ ಬಾವಿಗೆ ಬಿದ್ದಿದ್ದ. ಮೇಲೆ ಬಂದನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ."

"ಹಾಗಾದ್ರೆ ಹೊಸದು ಬೇಡ. ಮೊದಲು ಆ ಬಾವಿಯಿಂದ ಅವನನ್ನ ಮೇಲೆ ತನ್ನಿ. ಅಲ್ಲಿವರೆಗೆ ಯಾವ ಸಂಪುಟ ಕೊಟ್ರೂ ನಿಮಗೆ ನೆಮ್ಮದಿಯ ನಿದ್ದೆ ಬರಲ್ಲ."

ಗ್ರಂಥಪಾಲಕಿ ಒಳಕೋಣೆಗೆ ಓಡಿದರು. ಹಳೆಯ ಗಂಟುಗಳನ್ನು ಬಿಚ್ಚಿ, ಕೆದಕಿ, ಸೀನುತ್ತಾ ಸೀನುತ್ತಾ ಒಂದು ಮಾಸಿದ ಸಂಕಲನ ತಂದುಕೊಟ್ಟರು. ಮೇಲಧಿಕಾರಿ ನಿಂತಲ್ಲೇ ಪುಟ ತಿರುವಿದರು. ತಿರುವುತ್ತಾ ಹೋದರು. ಒಂದು ಪುಟದಲ್ಲಿ ನಿಂತರು. ಹುಬ್ಬಿನ ಗಂಟು ಬಿಚ್ಚಿಕೊಂಡಿತು.

"ಬಂದ," ಎಂದರು ಮೆಲ್ಲಗೆ. "ಮೇಲೆ ಬಂದ."

ಕಪಾಟು ಉಳಿಯಿತು ಎಂದು ಬೇರೆ ಹೇಳಬೇಕಾಗಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ಬರುವುದಾಗಿಯೂ ಅಂದೇ ಮಾತಾಯಿತು.

ಮನೆಗೆ ಹೊರಟಾಗ ಅತ್ತೆಯವರು ಮೆತ್ತಣ್ಣನ ತೋಳು ಹಿಡಿದುಕೊಂಡರು. ಹೆಂಡತಿ ಇನ್ನೊಂದು ಪಕ್ಕದಲ್ಲಿ, ನೆಲ ಬಿಟ್ಟು ಒಂದು ಗೇಣು ಮೇಲೆ ನಡೆಯುತ್ತಿದ್ದಳು. ಭಾವ ಹಿಂದೆ ಬರುತ್ತಿದ್ದರು. ಅವರು ಏನನ್ನೂ ನೋಡುತ್ತಿರಲಿಲ್ಲ. ಒಂದನೆಯದನ್ನು ಓದುಗರೊಬ್ಬರಿಗೆ ಕೊಟ್ಟು ಅವರ ಕೈಯಲ್ಲಿದ್ದ ಎರಡನೆಯದನ್ನು ಬದಲಿಗೆ ಪಡೆದುಕೊಂಡಿದ್ದ ಭಾವ ಅದನ್ನು ಓದುತ್ತಾ ನಡೆದು ಎರಡು ಕಂಬಗಳಿಗೆ ಕ್ಷಮೆ ಕೇಳಿದ್ದರು.

ಅತ್ತೆ ಬೀದಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿದರು. ಪರಿಚಯದವರು ಮುಗಿದ ಮೇಲೆ ಅಪರಿಚಿತರನ್ನು ಹಿಡಿದರು. ಬಸ್ಸಿಗೆ ಓಡುತ್ತಿದ್ದ ಒಬ್ಬ ಮನುಷ್ಯನಿಗೆ ಅಡ್ಡ ನಿಂತು, "ಇವರು ನಮ್ಮ ಚಿಕ್ಕ ಅಳಿಯಂದಿರು," ಎಂದರು.

ಆ ಮನುಷ್ಯ ಹೋಗುತ್ತಿದ್ದ ಬಸ್ಸನ್ನೂ ಮೆತ್ತಣ್ಣನನ್ನೂ ನೋಡಿ, ಬೇರೆ ದಾರಿ ಕಾಣದೆ, "ಏನು ಕೆಲಸದಲ್ಲಿದ್ದಾರೆ?" ಎಂದ.

ಅತ್ತೆ ಬೆನ್ನು ನೆಟ್ಟಗೆ ಮಾಡಿ, ಇಡೀ ಬೀದಿಗೆ ಕೇಳುವಂತೆ ಹೇಳಿದರು:

"ಹಾಸಿಗೆ ಮಾರ್ತಾರೆ!"